ತಿಳಿನೀರು ಮತ್ತು ಶುದ್ಧ ನೀರು

ಕದಡಿದ ನೀರನ್ನು ತಿಳಿಗೊಳಿಸುವ ವಿದ್ಯೆ ನಮ್ಮ ಜನಪದರಿಗೆ ಹೊಸದಲ್ಲ. ಚಿಲ್ಲದ ಬೀಜವನ್ನು ಮಣ್ಣಿನ ಗಡಿಗೆಯ ಒಳಮೈಗೆ ತೇಯ್ದು ನೀರು ತುಂಬಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳ ಸೇರುತ್ತವೆ. ಸಂಸ್ಕೃತದಲ್ಲಿ ಇದೇ ‘ಕತಕ’. ಮನುಸ್ಮೃತಿಯಲ್ಲಿಯೂ ಸುಶ್ರುತಸಂಹಿತೆಯಲ್ಲಿಯೂ ಇದರ ಉಲ್ಲೇಖವಿದೆ. ಈ ಪದ್ಧತಿಯಲ್ಲಿ ಕಣ್ಣೇ ಪರೀಕ್ಷಕ. ತಿಳಿಯಾದುದು ಕುಡಿಯಲು ಯೋಗ್ಯವೆಂಬುದು ಅದರ ಹಿಂದಿನ ನಂಬಿಕೆ.

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಈ ನಂಬಿಕೆ ಸೋಲುತ್ತದೆ. ಲೋಹಲೇಪನ ಘಟಕಗಳಿಂದ ಹೊರಬಿದ್ದು ಅಲ್ಲಿನ ಅಂತರ್ಜಲಕ್ಕೂ ಇಳಿದಿರುವ ಕ್ರೋಮಿಯಂ, ಕೆಸರಿನಂತೆ ತೇಲದೆ ಉಪ್ಪಿನಂತೆ ಕರಗಿರುತ್ತದೆ. ಹೊಳೆಗೆ ಬಿಡುವ ನೀರಿನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ತುಸು ಮೀರಿದರೂ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ.

ಆದುದರಿಂದ ಇಲ್ಲಿ ಕ್ರಮವೇ ತಿರುಗುಮುರುಗು: ತಿಳಿನೀರನ್ನು ಮೊದಲು ಕದಡಬೇಕು. ಆಮ್ಲ ಬೆರೆಸಿ ಪಿಎಚ್ ಮಟ್ಟವನ್ನು 2–3ಕ್ಕೆ ಇಳಿಸಿ, ಸೋಡಿಯಂ ಬೈಸಲ್ಫೈಟ್‌ನಿಂದ ಆ ಕ್ರೋಮಿಯಮ್ಮನ್ನು ಕಡಿಮೆ ವಿಷಕರವಾದ ಮೂರು ವೇಲೆನ್ಸಿಯ ರೂಪಕ್ಕೆ ತರುತ್ತಾರೆ. ಬಳಿಕ ಸುಣ್ಣ ಬೆರೆಸಿ ಪಿಎಚ್ ಮಟ್ಟವನ್ನು 8–9ಕ್ಕೆ ಏರಿಸಿದಾಗ ಲೋಹವು ಹಸಿರು ಛಾಯೆಯ ಗಸಿಯಾಗಿ ಬೇರ್ಪಡುತ್ತದೆ. ಅದನ್ನು ತಳಕ್ಕಿಳಿಸುವುದು ಮಾತ್ರ ಗಡಿಗೆಯ ಹಳೆಯ ವಿದ್ಯೆಯೇ. ಪ್ರಯೋಗಾಲಯಗಳಲ್ಲಿ ಚಿಲ್ಲ, ನುಗ್ಗೆ ಬೀಜಗಳ ಪುಡಿಯೂ ಲೋಹವನ್ನು ಹೀರಿಕೊಂಡಿರುವುದು ನಿಜ. ಅಷ್ಟರಿಂದ ಪೂರ್ವಿಕರಿಗೆ ಇದೆಲ್ಲ ತಿಳಿದಿತ್ತೆನ್ನುವುದು ಉತ್ಪ್ರೇಕ್ಷೆಯಾದೀತು.

ಗಡಿಗೆಯ ತಳದ ಮಣ್ಣನ್ನು ಹಿತ್ತಲಿಗೆ ಚೆಲ್ಲಬಹುದಿತ್ತು. ಈ ಗಸಿಯಲ್ಲಿ ಲೋಹವೆಲ್ಲ ಹಾಗೆಯೇ ಉಳಿದಿರುವುದರಿಂದ ಅದನ್ನು ಒಣಗಿಸಿ, ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ, ನೀರು ಇಂಗದಂತೆ ಹಾಸು ಹಾಸಿದ ಹೊಂಡಕ್ಕೆ ಸಾಗಿಸಬೇಕಾಗುತ್ತದೆ.