ಕಾವೇರಿಯ ಗೂನುಮೀನು, ಲೋನಾವಾಲಾದ ತೊಟ್ಟಿಗಳು

ಬಲಿತ ಹೆಣ್ಣು ಮಹಶೀರ್ ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಹೊಟ್ಟೆಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಹಗುರಾಗಿ ನೀವಿದರೆ ಮೊಟ್ಟೆಗಳು ತಟ್ಟೆಗೆ ಇಳಿಯುತ್ತವೆ. ಒಂದೊಂದೂ ಹೆಚ್ಚುಕಡಿಮೆ ಮೂರು ಮಿಲಿಮೀಟರ್ ದಪ್ಪ, ಹಳದಿ ಬಣ್ಣ. ಗಂಡುಮೀನನ್ನೂ ಹಾಗೆಯೇ ನೀವಿ, ಅದರ ವೀರ್ಯವನ್ನು ಮೊಟ್ಟೆಗಳ ಮೇಲೆ ಬಿಟ್ಟು ಹಕ್ಕಿಯ ಗರಿಯಿಂದ ಮೆಲ್ಲಗೆ ಕಲಸುತ್ತಾರೆ. ನೀರು ಹಾಕುವುದು ಆಮೇಲೆ. ನೀರು ತಾಗಿದ ಮೇಲೆ ವೀರ್ಯಾಣುಗಳ ಚುರುಕು ಹೆಚ್ಚು ಹೊತ್ತು ಉಳಿಯುವುದಿಲ್ಲ, ಹಾಗಾಗಿ ಒಣತಟ್ಟೆಯಲ್ಲೇ ಎರಡನ್ನೂ ಬೆರೆಸಿಬಿಡಬೇಕು. ಹರಿಯುವ ನೀರಿನ ತೊಟ್ಟಿಗೆ ಸೇರಿದ ಮೊಟ್ಟೆಗಳು ಮೂರು ನಾಲ್ಕು ದಿನಕ್ಕೆ ಒಡೆಯುತ್ತವೆ. ಹೊಟ್ಟೆಗೆ ಹಳದಿ ಚೀಲ ಅಂಟಿಸಿಕೊಂಡ ಮರಿಗಳು ಬೆಳಕಿಗೆ ಹೆದರಿ ತೊಟ್ಟಿಯ ಮೂಲೆಯಲ್ಲಿ ಗುಂಪುಗೂಡುತ್ತವೆ. ಆ ಚೀಲದ ಆಹಾರ ಮುಗಿಯುವವರೆಗೂ ಅವು ತಾವಾಗಿ ಏನನ್ನೂ ತಿನ್ನುವುದಿಲ್ಲ.

ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಮಹಶೀರ್‌ಗೆ ಒಗ್ಗಿಸಿದ ಜಾಗ ಮಹಾರಾಷ್ಟ್ರದ ಲೋನಾವಾಲಾ. ಅಲ್ಲಿನ ವಾಳ್ವಣ ಕೆರೆ ಟಾಟಾ ಕಂಪನಿ ಜಲವಿದ್ಯುತ್ತಿಗಾಗಿ ಕಟ್ಟಿಸಿದ್ದು. ಅದರ ದಂಡೆಯಲ್ಲಿ 1970ರ ದಶಕದ ಆರಂಭದಲ್ಲಿ ಮೀನುವಿಜ್ಞಾನಿ ಸಿ.ವಿ. ಕುಲಕರ್ಣಿ, ಆಮೇಲೆ ಎಸ್.ಎನ್. ಓಗಲೆ, ನೀಲಿ ರೆಕ್ಕೆಯ ಮಹಶೀರ್‌ನ ಮೊಟ್ಟೆ ತೆಗೆದು ಮರಿ ಮಾಡುವುದನ್ನು ಹಂತಹಂತವಾಗಿ ಕರಗತ ಮಾಡಿಕೊಂಡರು. ಗರ್ಭಗಟ್ಟಿದ ಮೊಟ್ಟೆಗಳನ್ನು ಒದ್ದೆ ಹತ್ತಿಯಲ್ಲಿಟ್ಟು ವಿಮಾನದಲ್ಲಿ ದೂರದ ಊರಿಗೆ ಕಳಿಸಬಹುದು ಎಂದು ತೋರಿಸಿಕೊಟ್ಟವರೂ ಅವರೇ. ಕೊಡಪಾನಗಟ್ಟಲೆ ನೀರು ಬೇಡ, ಆಮ್ಲಜನಕದ ಚೀಲ ಬೇಡ, ಹತ್ತಿ ಒಣಗದಿದ್ದರೆ ಸಾಕು. ಇಷ್ಟು ಸರಳವಾದ ಉಪಾಯ ಹೊಳೆಯಬೇಕಾದರೆ ಮೀನಿನ ಜೊತೆ ಎಷ್ಟು ಒಡನಾಡಿರಬೇಕು!

ಮೀನುಮರಿ ಕೇಂದ್ರ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೆರೆಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮರಿಗಳು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ರಸದ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅಂದಿನಿಂದ ಒಳನಾಡಿನ ಮೀನುಸಾಕಣೆಯ ಚಹರೆಯೇ ಬದಲಾಯಿತು. ಆ ಬಗೆಯ ಕೇಂದ್ರಗಳ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿ ಮರಿ ಬಿಡುವುದು, ಬೆಳೆಸುವುದು, ಹಿಡಿಯುವುದು, ತಿನ್ನುವುದು ಎಲ್ಲವೂ ಕೃಷಿಯ ಲೆಕ್ಕ. ಕಾಡುಹೊಳೆಯ ಮೀನನ್ನು ಉಳಿಸುವ ಹೆಸರಿನಲ್ಲಿ ನದಿಗೆ ಮರಿ ಬಿಡುವುದರ ಲೆಕ್ಕ ಬೇರೆ. ಅದನ್ನು ನಾವು ಕಾವೇರಿಯಲ್ಲಿ ಕಲಿಯಬೇಕಾಯಿತು.

ಕಾವೇರಿ ಸೀಮೆಯಲ್ಲಿ ಮಹಶೀರ್ ಎಂದರೆ ಬಿಳಿಮೀನು. ಈ ಕಣಿವೆಯದೇ ಆದ ಬಿಳಿಮೀನಿಗೆ ತಲೆಯ ಹಿಂದೆ ಎದ್ದುನಿಂತ ಗೂನು, ಕಿತ್ತಳೆ ಬಣ್ಣದ ರೆಕ್ಕೆ. ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಇಂಥ ಮೀನು ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಅಣೆಕಟ್ಟು, ಮರಳು ಲೂಟಿ, ಡೈನಮೈಟ್ ಸಿಡಿಸಿ ಮೀನು ಹಿಡಿಯುವ ದುರಭ್ಯಾಸ ಎಲ್ಲವೂ ಸೇರಿ ಅದು ಕ್ಷೀಣಿಸುತ್ತಿದ್ದಾಗ, ಮಹಶೀರ್ ಸಂತತಿ ಹೆಚ್ಚಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಕಾವೇರಿಗೆ ಮರಿಗಳನ್ನು ತಂದು ಬಿಟ್ಟರು. ತಂದದ್ದು ಲೋನಾವಾಲಾದ ನೀಲಿ ರೆಕ್ಕೆಯ ಮಹಶೀರ್, ಕೃಷ್ಣಾ ಕಣಿವೆಯ ಮೀನು. ಎರಡೂ ಬೇರೆ ಬೇರೆ ಎಂಬುದು ಆಗ ಯಾರ ತಲೆಯನ್ನೂ ಕೆಡಿಸಲಿಲ್ಲ. ಮಹಶೀರ್ ಎಂದರೆ ಮಹಶೀರ್, ಅಷ್ಟೇ.

ಮುಂದೆ ಏನಾಯಿತೆಂದು ತಿಳಿದದ್ದು ಗಾಳ ಹಾಕುವವರ ದಿನಚರಿಯಿಂದ. ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ ಮೀನು ಹಿಡಿದು ತೂಗಿ ಮರಳಿ ನೀರಿಗೆ ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳಿವೆ. ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಆ ಪುಸ್ತಕಗಳನ್ನು ಜಾಲಾಡಿದರು. ನೀಲಿ ರೆಕ್ಕೆಯವು ವರ್ಷದಿಂದ ವರ್ಷಕ್ಕೆ ಏರಿದ್ದವು. ಗೂನುಮೀನು ಇಳಿದಿತ್ತು. ಕೊನೆಕೊನೆಗೆ ಗಾಳಕ್ಕೆ ಬಿದ್ದ ಗೂನುಮೀನುಗಳು ಮುದಿ, ದೈತ್ಯ ಮೀನುಗಳೇ. ಎಳೆಯವು ಬರುವುದೇ ನಿಂತಿತ್ತು. ಮರಿಗಳಿಲ್ಲದೆ ಮುದುಕರಷ್ಟೇ ಉಳಿದ ಊರಿನ ಗತಿಯೇ ಅದರದೂ ಆಯಿತು. ಒಟ್ಟು ಮಹಶೀರ್ ಎಷ್ಟು ಎಂದಷ್ಟೇ ಕೇಳಿದ್ದರೆ ಲೆಕ್ಕ ಸೊಗಸಾಗಿಯೇ ಕಾಣುತ್ತಿತ್ತು.

ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೂ 2018ರಲ್ಲಿ, ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳ ಡಿಎನ್ಎ ಪರೀಕ್ಷೆಯಾದ ಮೇಲೆ: ಟಾರ್ ರಮಾದೇವಿ. ಕೇರಳದ ಪಾಂಬಾರ್‌ನಿಂದ ಮೊದಲೇ ಅದೇ ಹೆಸರಿನಲ್ಲಿ ವಿವರಿಸಿದ್ದ ಮೀನು ಇದೇ ಎಂದು ತಿಳಿಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅತಿ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಲೋನಾವಾಲಾದ ನೀಲಿ ರೆಕ್ಕೆಯದು ಈಗ ಆತಂಕವಿಲ್ಲದ ಪ್ರಭೇದಗಳ ಸಾಲಿನಲ್ಲಿದೆ.

ಇಂಥ ಪಾಠ ಕಲಿತವರು ನಾವೊಬ್ಬರೇ ಅಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮ್ಯಾಡಿಸನ್ ನದಿಗೆ ಸಾಕಿದ ಟ್ರೌಟ್ ಬಿಡುವುದನ್ನು ನಿಲ್ಲಿಸಿ ನೋಡಿದಾಗ ಕಾಡು ಟ್ರೌಟ್‌ಗಳೇ ಹೆಚ್ಚಿದವು. 1974ರಲ್ಲಿ ಆ ರಾಜ್ಯ, ತಾವಾಗಿ ಟ್ರೌಟ್ ಹುಟ್ಟುವ ನದಿಗಳಿಗೆ ಮರಿ ಬಿಡುವುದನ್ನು ಕೈಬಿಟ್ಟಿತು. ಆರೆಗನ್‌ನ ಹುಡ್ ನದಿಯ ಸ್ಟೀಲ್‌ಹೆಡ್ ಮೀನುಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಆಳಕ್ಕೆ ಹೋಯಿತು. ತೊಟ್ಟಿಯಲ್ಲಿ ಒಂದು ತಲೆಮಾರು ಕಳೆದರೆ ಸಾಕು, ಹೊಳೆಗೆ ಮರಳಿದಾಗ ಸಂತಾನ ಬೆಳೆಸುವ ಶಕ್ತಿ ಸುಮಾರು ಶೇ 40ರಷ್ಟು ಕುಗ್ಗುತ್ತದೆ ಎಂದಿತು. ತೊಟ್ಟಿಯಲ್ಲಿ ಹಿಟ್ಟು ಉದುರಿದ ಕಡೆ ನುಗ್ಗುವವನೇ ಗೆಲ್ಲುತ್ತಾನೆ. ಹೊಳೆಯಲ್ಲಿ ಹಾಗೆ ನುಗ್ಗಿದವನನ್ನು ಮೀಂಚುಳ್ಳಿ ಎತ್ತಿಕೊಂಡು ಹೋಗುತ್ತದೆ.

ಹಾಗಾದರೆ ಲೋನಾವಾಲಾದಂಥ, ಕೊಡಗಿನ ಹಾರಂಗಿಯಂಥ ಮಹಶೀರ್ ಕೇಂದ್ರಗಳು ಬೇಡವೇ? ಬೇಕು. ಗೂನುಮೀನಿನ ವಿಷಯದಲ್ಲಂತೂ ಇವತ್ತು ಅವು ಹಿಂದೆಂದಿಗಿಂತ ಹೆಚ್ಚು ಬೇಕು. ಆದರೆ ಕೇಂದ್ರದ ಯೋಗ್ಯತೆಯನ್ನು ಬಿಟ್ಟ ಮರಿಗಳ ಲಕ್ಷಗಳಲ್ಲಿ ಅಳೆಯುವುದು ನಿಲ್ಲಬೇಕು. ಒಂದು ಕಣಿವೆಯ ತಾಯಿಮೀನಿನ ಮರಿ ಅದೇ ಕಣಿವೆಗೆ ಹೋಗಬೇಕು. ತಾಯಿಮೀನುಗಳ ಡಿಎನ್ಎ ಮೊದಲೇ ಪರೀಕ್ಷಿಸಿರಬೇಕು. ನಾಲ್ಕೇ ಮೀನುಗಳಿಂದ ಸಾವಿರಾರು ಮರಿ ತೆಗೆದರೆ ಹೊಳೆ ತುಂಬ ಅಣ್ಣತಮ್ಮಂದಿರೇ ಆಗುತ್ತಾರೆ, ಅದನ್ನು ತಪ್ಪಿಸಬೇಕು. ಬಿಟ್ಟ ಮರಿ ನಾಲ್ಕಾರು ವರ್ಷದ ಮೇಲೆ ತಾನೇ ಮೊಟ್ಟೆ ಇಟ್ಟಿತೇ ಎಂದು ಹೊಳೆಗಿಳಿದು ನೋಡುವವರು ಬೇಕು. ಈ ಕೊನೆಯ ಕೆಲಸಕ್ಕೆ ದುಡ್ಡು, ತಾಳ್ಮೆ ಎರಡೂ ಬೇಕು. ಸಚಿವರು ಬಿಂದಿಗೆಯಿಂದ ಮರಿ ಸುರಿಯುವ ಫೋಟೊ ಅದರಿಂದ ಸಿಗುವುದಿಲ್ಲ.

ಮರಿ ಕೇಂದ್ರವೇ ಇಲ್ಲದೆ ಮೀನು ಉಳಿಸಿದ ಪರಂಪರೆಯೂ ನಮ್ಮಲ್ಲಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ಕಾವೇರಿ ದಡದ ರಾಮನಾಥಪುರದಲ್ಲಿ ದೇವರ ಮೀನಿಗೆ ಯಾರೂ ಬಲೆ ಹಾಕುವುದಿಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ವಿಷ ಬಿದ್ದು ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಆದರೆ ದೇವಸ್ಥಾನದ ಮಡು ಎಷ್ಟೇ ಸುರಕ್ಷಿತವಾಗಿದ್ದರೂ ಮಹಶೀರ್ ಮಳೆಗಾಲದಲ್ಲಿ ಮೊಟ್ಟೆ ಇಡಲು ಪ್ರವಾಹಕ್ಕೆದುರಾಗಿ ಮೇಲಕ್ಕೆ ಈಜುವ ಮೀನು. ಅದಕ್ಕೆ ಜಲ್ಲಿಕಲ್ಲಿನ ತಳ ಬೇಕು, ತಡೆಯಿಲ್ಲದ ದಾರಿ ಬೇಕು, ಆಷಾಢದಲ್ಲಿ ಏರುವ ನೀರು ಬೇಕು. ಅಣೆಕಟ್ಟಿನ ಗೇಟು ತೆರೆಯುವ ವೇಳಾಪಟ್ಟಿ ಬರೆಯುವವರು ಕಬ್ಬು, ಭತ್ತ, ಕುಡಿಯುವ ನೀರು, ವಿದ್ಯುತ್ತಿನ ಜೊತೆಗೆ ಈ ಮೀನಿನ ಬಸಿರಿನ ತಿಂಗಳುಗಳನ್ನೂ ಎದುರಿಗಿಟ್ಟುಕೊಳ್ಳಬೇಕು.

ಗೂನುಮೀನು ಇನ್ನೂ ಉಳಿದಿರುವುದು ಖಚಿತವಾಗಿ ಕಂಡ ಜಾಗಗಳಲ್ಲಿ ಮೋಯಾರ್ ಒಂದು. ಅಲ್ಲಿಂದ ತಾಯಿಮೀನನ್ನು ಎತ್ತುವ ಮೊದಲು ನೂರು ಸಲ ಯೋಚಿಸಬೇಕು, ಏಕೆಂದರೆ ಇರುವುದೇ ಕೆಲವು. ಮೊಟ್ಟೆ ಬಲಿತಾಗ ಹೊಳೆಯ ದಂಡೆಯಲ್ಲೇ ನೀವಿ ತೆಗೆದು, ಮೀನನ್ನು ಅಲ್ಲೇ ಮರಳಿ ನೀರಿಗೆ ಬಿಟ್ಟು, ಮೊಟ್ಟೆಗಳನ್ನು ಮಾತ್ರ ಒದ್ದೆ ಹತ್ತಿಯಲ್ಲಿ ತರಲು ಸಾಧ್ಯವೇ ಎಂದು ನೋಡಬೇಕು. ಅದಕ್ಕೆ ಬೇಕಾದ ಕೈಚಳಕ ಲೋನಾವಾಲಾದಲ್ಲಿದೆ, ಹಾರಂಗಿಯಲ್ಲಿ ತೊಟ್ಟಿಗಳಿವೆ. ಕರ್ನಾಟಕ, ತಮಿಳುನಾಡು, ಕೇರಳದ ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳು ಒಂದೇ ಮೇಜಿಗೆ ಕೂತು ಇದಕ್ಕೆ ಒಪ್ಪಿಗೆ ಕೊಡಬೇಕು. ಅಲ್ಲಿಯವರೆಗೆ ಕಾವೇರಿ ಕಣಿವೆಯ ಯಾವ ಹೊಳೆಗೂ ಹೊರಗಿನ ಮಹಶೀರ್‌ನ ಒಂದೇ ಒಂದು ಮರಿಯನ್ನೂ ಬಿಡಬಾರದು.