ನಿಮ್ಮ ಗಣಕಕ್ಕೆ ಕನ್ನಡ ಹೇಳಿಕೊಡಿ

ಹೊಸ ಗಣಕಯಂತ್ರ ಮನೆಗೆ ಬಂದ ದಿನ ನಮ್ಮ ಹುಡುಗ ಹುಡುಗಿಯರು ಮೊದಲು ಮಾಡುವ ಕೆಲಸವೇನು? ಪರದೆಯ ಮೇಲಿನ ಚಿತ್ರ ಬದಲಿಸುವುದು. ಆಮೇಲೆ ಬಣ್ಣ, ಅಕ್ಷರದ ಗಾತ್ರ, ಮೌಸಿನ ವೇಗ. ಒಂದು ಗಂಟೆಯೊಳಗೆ ಯಂತ್ರ ಅವರದೇ ಆಗಿಬಿಡುತ್ತದೆ. ಭಾಷೆಯ ಸೆಟ್ಟಿಂಗ್ ಮಾತ್ರ ಅಂಗಡಿಯಿಂದ ಬಂದ ಹಾಗೆಯೇ ಉಳಿಯುತ್ತದೆ.

ಭಿವಂಡಿ, ಕಲ್ಯಾಣ, ಡೊಂಬಿವಲಿಗಳಲ್ಲಿ ಬೆಳೆದ ನಮ್ಮ ಯುವಕ ಯುವತಿಯರಲ್ಲಿ ಅನೇಕರಿಗೆ ಕನ್ನಡ ಮಾತು ಸಲೀಸು. ಬರೆಯುವ ಹೊತ್ತು ಬಂದರೆ ಇಂಗ್ಲಿಷ್ ಅಕ್ಷರಗಳ ಮೊರೆ ಹೋಗುತ್ತಾರೆ. ಊರಿನಲ್ಲಿರುವ ಅಜ್ಜಿಗೆ 'ನಾಳೆ ಹಳ್ಳಿಗೆ ಬರುತ್ತೇನೆ' ಎಂದು ಹಾಗೆ ಬರೆದು ಕಳುಹಿಸಿದರೆ, ಹಳ್ಳಿಗೂ ಹಲ್ಲಿಗೂ ಅಲ್ಲಿ ವ್ಯತ್ಯಾಸವೇ ಇಲ್ಲ! ಅದಕ್ಕಿಂತ ದೊಡ್ಡ ಮಾತೆಂದರೆ, ದಿನವೂ ಕನ್ನಡ ಪತ್ರಿಕೆ ಓದುವ ಅಜ್ಜಿ ಮೊಮ್ಮಗನ ಎರಡು ಸಾಲು ಓದಿಸಿಕೊಳ್ಳಲು ನೆರೆಮನೆಯವರನ್ನು ಕರೆಯಬೇಕಾಗುತ್ತದೆ. ಹತ್ತು ನಿಮಿಷದ ಕೆಲಸದಿಂದ ತಪ್ಪಿಸಬಹುದಾದ ತೊಂದರೆ ಇದು.

ಮುಂಬಯಿಯ ನಂಟು

ಗಣಕದಲ್ಲಿ ಕನ್ನಡ ಬಂದ ಕಥೆಗೂ ನಮ್ಮ ಮಹಾನಗರಕ್ಕೂ ನಂಟಿದೆ. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್‌ನಲ್ಲಿಯೂ ದುಡಿದವರು. ಅಕ್ಷರ ಜೋಡಣೆಯ ಆಳ ಅಗಲ ಬಲ್ಲ ಅವರು, ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಣೆಗೆ ಹೊಂದುವಂತೆ ಕನ್ನಡವನ್ನು ಕೂರಿಸಿದರು. 'ಸೇಡಿಯಾಪು' ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅವರ ವಿನ್ಯಾಸವನ್ನು ಮುಂದೆ ಕರ್ನಾಟಕ ಸರ್ಕಾರ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅದನ್ನು ಮನೆಮನೆಗೆ ತಲುಪಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು.

ಆಗ ತಂತ್ರಾಂಶವನ್ನು ಬೇರೆಯಾಗಿ ತಂದು ಹಾಕಿಕೊಳ್ಳಬೇಕಿತ್ತು. ಒಬ್ಬರು ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ, ಅದೇ ಫಾಂಟ್ ಇಲ್ಲದಿದ್ದರೆ, ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವನ್ನು ಸೇರಿಸಿಕೊಂಡಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನೊಂದಿಗೆ ಕನ್ನಡ ಕಾರ್ಯವ್ಯವಸ್ಥೆಯೊಳಗೇ ಬಂದು ಕುಳಿತಿತು. ಇಂದು ಹಣ ಕೊಟ್ಟು ತರಬೇಕಾದದ್ದು ಏನೂ ಇಲ್ಲ, ಒಳಗಿರುವುದನ್ನು ಎಬ್ಬಿಸಿದರೆ ಸಾಕು.

ಎಬ್ಬಿಸುವ ಬಗೆ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, 'ಟೈಮ್ ಅಂಡ್ ಲ್ಯಾಂಗ್ವೇಜ್' ಒಳಗೆ 'ಲ್ಯಾಂಗ್ವೇಜ್ ಅಂಡ್ ರೀಜನ್' ಎಂಬಲ್ಲಿಗೆ ಹೋಗಿ. 'ಆಡ್ ಎ ಲ್ಯಾಂಗ್ವೇಜ್' ಒತ್ತಿ ಕನ್ನಡವನ್ನು ಆರಿಸಿ. ಆಗ ಪರದೆಯ ಭಾಷೆಯನ್ನೂ ಕನ್ನಡ ಮಾಡಲೇ ಎಂದು ಯಂತ್ರ ಕೇಳಬಹುದು. ಮೆನುಗಳು ಇಂಗ್ಲಿಷಿನಲ್ಲಿಯೇ ಇರಲಿ ಎನಿಸಿದರೆ ಆ ಗುರುತು ತೆಗೆದುಬಿಡಿ. ನೋಡುವ ಭಾಷೆ ಬೇರೆ, ಬರೆಯುವ ಭಾಷೆ ಬೇರೆ. ನಮಗೆ ಸದ್ಯ ಬೇಕಾದದ್ದು ಎರಡನೆಯದು. ಅನಂತರ ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಬರಬಹುದು.

ಕೀಲಿಮಣೆ ಯಾವುದಿರಲಿ ಎಂಬುದು ನಿಮ್ಮ ರುಚಿಗೆ ಬಿಟ್ಟದ್ದು. ಕನ್ನಡದ ಆಯ್ಕೆಗಳೊಳಗೆ ಕೀಬೋರ್ಡ್ ಸೇರಿಸುವಲ್ಲಿ ಎರಡು ಬಗೆ ಕಾಣುತ್ತವೆ. ಫೊನೆಟಿಕ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತ ಹೋದಂತೆ ಕನ್ನಡ ಪದಗಳ ಪಟ್ಟಿ ಮೂಡುತ್ತದೆ. ಮೊದಲ ದಿನವೇ ಬರೆಯಬಹುದು. ಇನ್ನೊಂದು ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್. ಕಲಿಯಲು ಕೆಲವು ದಿನ ಬೇಕು. ಆದರೆ 'ಕೆ' ಕೀಲಿ ಕನ್ನಡದಲ್ಲಿ 'ಕ' ಕೊಟ್ಟರೆ ದೇವನಾಗರಿಯಲ್ಲಿಯೂ 'ಕ' ಕೊಡುತ್ತದೆ.

ರಾವ್ ಅವರ ವಿನ್ಯಾಸವೇ ಬೇಕೆನ್ನುವವರಿಗೆ ವಿಂಡೋಸ್‌ನಲ್ಲಿ 'ನುಡಿ' ಇದೆ. ಲಿನಕ್ಸ್‌ನಲ್ಲಂತೂ ಅದು 'ಕಗಪ' ಎಂಬ ಹೆಸರಿನಲ್ಲಿ ಮೊದಲೇ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು! ಅಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ' ಎಂದಾಗುತ್ತದೆ. ನಡುವಿನ ಎಫ್ ಒತ್ತಕ್ಷರ ಕೂಡಿಸುತ್ತದೆ. ಸಂತೋಷದ ಸಂಗತಿಯೆಂದರೆ, ಅದೇ ಪಟ್ಟಿಯಲ್ಲಿ ಮರಾಠಿಗೂ ಒಂದು 'ಕಗಪ' ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ನಮ್ಮ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಅನುಕೂಲ ಬೇರೆ ಯಾವುದು? ಕನ್ನಡಕ್ಕೆ ಪಳಗಿದ ಬೆರಳುಗಳೇ ಮರಾಠಿಯನ್ನೂ ಬರೆಯುತ್ತವೆ.

ಇನ್ನೊಂದು ಸಣ್ಣ ಮಾತು

ಅದೇ ಪುಟದಲ್ಲಿ 'ರೀಜನಲ್ ಫಾರ್ಮ್ಯಾಟ್' ಅನ್ನೂ ಒಮ್ಮೆ ನೋಡಿ. ಅಲ್ಲಿ ಅಮೆರಿಕ ಎಂದಿದ್ದರೆ ಜೂನ್ 5 ಎಂಬುದು 6/5 ಆಗುತ್ತದೆ, ಲಕ್ಷದ ಲೆಕ್ಕಕ್ಕೆ ಅಲ್ಪವಿರಾಮ ತಪ್ಪು ಜಾಗದಲ್ಲಿ ಬೀಳುತ್ತದೆ. ಭಾರತ ಎಂದು ಬದಲಿಸಿದರೆ 12,34,567 ಎಂದು ನಮ್ಮ ರೀತಿಯಲ್ಲೇ ಕಾಣುತ್ತದೆ. ತಂದೆಯವರ ಹೋಟೆಲಿನ ಅಥವಾ ಕಾರಖಾನೆಯ ಲೆಕ್ಕ ಬರೆಯುವವರಿಗೆ ಇದು ನಿತ್ಯದ ಉಪಕಾರ.

ಯುವ ಮಿತ್ರರೇ, ಭಾಷೆ ಉಳಿಸಬೇಕೆಂಬ ಮಾತನ್ನು ಸಭೆಗಳಲ್ಲಿ ನೀವು ಸಾಕಷ್ಟು ಕೇಳಿದ್ದೀರಿ. ಈ ಭಾನುವಾರ ಭಾಷಣ ಬೇಡ, ಹತ್ತು ನಿಮಿಷ ಸಾಕು. ಕೀಲಿಮಣೆ ಬದಲಿಸಿ ಅಜ್ಜಿಗೆ ಒಂದು ಸಾಲು ಬರೆಯಿರಿ. ಕಾಗುಣಿತ ತಪ್ಪಿದರೆ ಅವರೇ ತಿದ್ದುತ್ತಾರೆ. ಅಷ್ಟರಮಟ್ಟಿಗೆ ಅವರು ನಿಮ್ಮ ಮೇಷ್ಟ್ರೂ ಆದಂತಾಯಿತಲ್ಲವೇ?