ಕುರುಚಲು ಕಾಡಿನ ಕಾವಲು

ಚಿತ್ರದುರ್ಗ ಜಿಲ್ಲೆಯ ಮತ್ತೋಡು, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ಗುಡ್ಡಗಳಿಗೆ ಸಹಜವಾದದ್ದು ಕುರುಚಲು ಕಾಡು. ಮಳೆ ಕಡಿಮೆ, ಮಣ್ಣು ತೆಳು, ಕಲ್ಲು ಜಾಸ್ತಿ. ತುಗ್ಗಲಿ, ದಿಂಡಿಗ, ಕಾರೆ, ಕವಳಿ, ತಂಗಡಿ ಇಲ್ಲಿಗೆ ಒಗ್ಗಿದ ಗಿಡಮರಗಳು. ನಡುವೆ ಹುಲ್ಲು. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತಾಗ ನೋಡಿದವರು ಇದನ್ನು ಬೀಳು ಎಂದುಕೊಳ್ಳುವುದುಂಟು. ಕಂದಾಯದ ಕಡತಕ್ಕೂ ಅದೇ ಭ್ರಮೆ.

ಈ ಕಾಡು ಎಂದೂ ಊರಿನಿಂದ ದೂರ ಇದ್ದದ್ದಲ್ಲ. ದನಕುರಿ ಮೇಯುತ್ತಿದ್ದವು, ಸೌದೆ ಹೋಗುತ್ತಿತ್ತು. ಸೌದೆಯಿಂದಲೇ ಉರಿಯುತ್ತಿದ್ದ ಮತ್ತೋಡಿನ ಗಾಜಿನ ಬಳೆಯ ಕುಲುಮೆಗಳನ್ನು ಪ್ರವಾಸಿ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ವರ್ಣಿಸಿದ್ದಾನೆ. ಹೀಗಿರುವಾಗ ಜನರನ್ನು ಹೊರಗಿಟ್ಟು ಕಾಡು ಉಳಿಸುವ ಮಾತು ಇಲ್ಲಿ ಅಷ್ಟಾಗಿ ಸಲ್ಲದು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಬೇರೆ ದಾರಿ ತೆರೆಯಿತು. ಸರ್ಕಾರಿ ನೆಲವನ್ನು 'ಸಂರಕ್ಷಣಾ ಮೀಸಲು' ಎಂದು ಘೋಷಿಸಬಹುದು. ಅದರ ಸಲಹಾ ಸಮಿತಿಯಲ್ಲಿ ಆ ನೆಲ ಯಾವ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿದೆಯೋ ಅವುಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಸ್ಥಾನವಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಹೀಗೆ ಕೃಷ್ಣಮೃಗ ಮೀಸಲಾಯಿತು. ವಿಸ್ತಾರ ಸುಮಾರು 736 ಹೆಕ್ಟೇರ್. ಅಮೃತಮಹಲ್ ರಾಸುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲೇ ಕೃಷ್ಣಮೃಗಗಳಿಗೂ ಆಸರೆಯಾದದ್ದು.

ಕಾಡಿನ ಕೆಲಸಕ್ಕೆ ಬರುವ ಸ್ವಯಂಸೇವಕರೆಂದರೆ ಸಸಿ ನೆಡುವವರು ಎಂಬ ರೂಢಿ ಇದೆ. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯಾವನ್ನೋ ನೆಟ್ಟರೆ ಬಯಲು ಬೇಕಾದ ಪ್ರಾಣಿಗೆ ನೆಲೆ ತಪ್ಪುತ್ತದೆ. ಇಲ್ಲಿ ನೆಡುವುದಕ್ಕಿಂತ ಹೊರಗಿನಿಂದ ಬಂದು ಹಬ್ಬಿದ ಗಿಡಗಳನ್ನು ಕೀಳುವುದೇ ದೊಡ್ಡ ಕೆಲಸ. ಬಳ್ಳಾರಿ ಜಾಲಿಯ ಸಿಹಿಕಾಯಿ ತಿಂದ ದನಕುರಿ ಸಗಣಿ ಹಿಕ್ಕೆಯಲ್ಲಿ ಬೀಜ ಬಿತ್ತುತ್ತ ಹೋಗುತ್ತವೆ. ಲಂಟಾನದ ಹಣ್ಣನ್ನು ಹಕ್ಕಿಗಳು ಹರಡುತ್ತವೆ. ಲಂಟಾನವನ್ನು ನೆಲಮಟ್ಟಕ್ಕೆ ಸವರಿದರೆ ಮತ್ತೆ ಚಿಗುರುತ್ತದೆ. ಬುಡದ ಮಣ್ಣು ಬಿಡಿಸಿ, ಬೇರೂ ಕಾಂಡವೂ ಕೂಡುವ ಜಾಗದಿಂದ ಎರಡು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಇಟ್ಟು ಒಣಗಿಸಬೇಕು. ಕಾಯಿ ಕಟ್ಟುವ ಮುಂಚೆ ಮಾಡಿದರೆ ಒಳ್ಳೆಯದು.

ಸಾರ್ವಜನಿಕರು ಈ ಬಗೆಯ ಕಾಡನ್ನು ಸುಲಭವಾಗಿ ನೋಡಬಹುದಾದದ್ದು ಚಿತ್ರದುರ್ಗ ಪಟ್ಟಣದ ಮಗ್ಗುಲಿನ ಜೋಗಿಮಟ್ಟಿಯಲ್ಲಿ. ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ನಿಯಮಗಳಿಗೆ ಒಳಪಟ್ಟದ್ದು. ಮಳೆ ಬಿದ್ದ ಮೇಲಿನ ತಿಂಗಳುಗಳಲ್ಲಿ ಗುಡ್ಡ ಹಸಿರಾಗಿರುತ್ತದೆ. ಬಂಡೆಯ ಇಳಿಜಾರಿನ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಸಿಕ್ಕರೆ ಅದೃಷ್ಟ; ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಅದಿಲ್ಲ. ಕೊಂಡುಕುರಿ ಕಣ್ಣಿಗೆ ಬೀಳುವುದು ಅಪರೂಪ. ಗಂಡಿಗೆ ನಾಲ್ಕು ಕೊಂಬು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವ ಅಭ್ಯಾಸ ಅದಕ್ಕಿರುವುದರಿಂದ, ಪ್ರಾಣಿ ಕಾಣದಿದ್ದರೂ ಹಿಕ್ಕೆಯ ಗುಡ್ಡೆ ಅದರ ಇರವನ್ನು ಹೇಳುತ್ತದೆ.

ಕರಡಿ ಓಡಾಡುವ ಗುಡ್ಡಗಳಾದ್ದರಿಂದ ಮಬ್ಬುಗತ್ತಲಲ್ಲಿ ಅಡ್ಡಾಡಬಾರದು. ದಾರಿ ಬಿಟ್ಟು ಹುಲ್ಲು ತುಳಿದರೆ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಹಾನಿ. ಹುಲ್ಲು ಒಣಗಿದ ಬೇಸಿಗೆಯಲ್ಲಿ ಒಂದು ಬೀಡಿಯ ತುಂಡು ಸಾಕು, ಗುಡ್ಡವೇ ಉರಿಯುತ್ತದೆ. ಅದಕ್ಕಾಗಿ ಬೇಸಿಗೆಗೆ ಮೊದಲೇ ಬೆಂಕಿ ರೇಖೆ ಸವರಿಡುತ್ತಾರೆ. ಬೆಂಕಿ ಬಿದ್ದಾಗ ಹಸಿಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುತ್ತಾರೆ. ಕಳೆ ಕೀಳುವ ಕೆಲಸವೂ ಒಂದು ಸಲಕ್ಕೆ ಮುಗಿಯದು: ಲಂಟಾನ ಕಿತ್ತ ಜಾಗದಲ್ಲಿ ಸ್ಥಳೀಯ ಹುಲ್ಲಿನ ಬೀಜ ಎರಚಿ, ಮಣ್ಣಿನಲ್ಲಿ ಉಳಿದ ಬೀಜದಿಂದ ಏಳುವ ಸಸಿಗಳನ್ನು ಮುಂದಿನ ಕೆಲವು ಮಳೆಗಾಲಗಳಲ್ಲೂ ಕೀಳಬೇಕಾಗುತ್ತದೆ.